ಒಳಂಗಿ ಕೊಡುವ ಹಕ್ಕು ಯಾರದು?

ಚಳಿಗಾಲದ ಒಂದು ಬೆಳಗ್ಗೆ. ವರ್ಸೇಲ್ಸ್ ಅರಮನೆ. ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಮೈಮೇಲೆ ಬಟ್ಟೆಯಿಲ್ಲದೆ ನಿಂತಿದ್ದಾಳೆ. ಒಳಂಗಿ ಎದುರಿಗೇ ಇದೆ. ಮಡಿಕೆ ಬಿಚ್ಚಿ ಹಿಡಿದುಕೊಂಡು ಮದಾಮ್ ಕಾಂಪಾ ಎಂಬ ಸೇವಕಿ ತಯಾರಾಗಿದ್ದಾಳೆ. ಕೈ ತೂರಿಸಿದರೆ ಮುಗಿಯಿತು, ಅಲ್ವಾ?

ಇಲ್ಲ. ಅಷ್ಟರಲ್ಲಿ ಕಾಂಪಾಗಿಂತ ಮೇಲಿನ ದರ್ಜೆಯ ಹೆಂಗಸೊಬ್ಬಳು ಒಳಗೆ ಬಂದಳು. ದೊಡ್ಡವರು ಎದುರಿಗಿರುವಾಗ ಚಿಕ್ಕವರು ರಾಣಿಗೆ ಒಳಂಗಿ ಕೊಡುವಂತಿಲ್ಲ. ಆಕೆ ಗಡಿಬಿಡಿಯಲ್ಲಿ ಕೈಗವಸು ಬಿಚ್ಚಿ ಒಳಂಗಿ ತೆಗೆದುಕೊಂಡಳು. ಬಾಗಿಲಲ್ಲಿ ಪರಪರ ಸದ್ದು. (ಅಲ್ಲಿ ಬಾಗಿಲು ತಟ್ಟುವುದು ಒರಟುತನ. ಬೆಕ್ಕಿನ ಹಾಗೆ ಉಗುರಿನಲ್ಲಿ ಕೆರೆಯಬೇಕು.) ಬಂದವಳು ಓರ್ಲಿಯನ್ಸಿನ ಡಚೆಸ್. ಇವಳು ಇನ್ನೂ ದೊಡ್ಡವಳು. ಒಳಂಗಿ ಇವಳಿಗೆ ಹೋಗಬೇಕು, ಆದರೆ ನೇರವಾಗಿ ಹೋಗುವ ಹಾಗಿಲ್ಲ. ವಾಪಸ್ ಕಾಂಪಾ ಕೈಗೆ, ಅಲ್ಲಿಂದ ಡಚೆಸ್ ಕೈಗೆ. ಮತ್ತೆ ಪರಪರ. ಈ ಸಲ ರಾಜನ ತಮ್ಮನ ಹೆಂಡತಿ, ರಾಣಿಯ ವಾರಗಿತ್ತಿ. ಎಲ್ಲರಿಗಿಂತ ದೊಡ್ಡವಳು. ಒಳಂಗಿ ಮತ್ತೆ ಕೈ ಬದಲಾಯಿಸಿತು. ಎದೆಯ ಮೇಲೆ ಕೈಕಟ್ಟಿಕೊಂಡು ನಿಂತಿದ್ದ ರಾಣಿಯನ್ನು ನೋಡಿ ವಾರಗಿತ್ತಿಗೆ ಪಾಪ ಅನ್ನಿಸಿತು. ಕೈಗವಸೂ ಬಿಚ್ಚದೆ ತೊಡಿಸಲು ಹೋಗಿ ರಾಣಿಯ ತಲೆಗೂದಲು ಕೆಡಿಸಿದಳು. ರಾಣಿ ಇದೆಂಥ ಕಿರಿಕಿರಿ ಎಂದು ಗೊಣಗಿ, ಸಿಟ್ಟನ್ನು ನಗುವಿನಲ್ಲಿ ಮುಚ್ಚಿಕೊಂಡಳು.

ಇದನ್ನು ಬರೆದಿಟ್ಟವಳು ಅದೇ ಕಾಂಪಾ. ನಮ್ಮ ಕಚೇರಿಗಳಲ್ಲಿ ಫೈಲು ಮೇಜಿನಿಂದ ಮೇಜಿಗೆ ಹೋಗುವುದನ್ನು ಕಂಡವರಿಗೆ ಇದೇನೂ ಹೊಸದಲ್ಲ. ನಮ್ಮಲ್ಲಿ ಅರ್ಜಿದಾರ ಬಟ್ಟೆ ಹಾಕಿಕೊಂಡೇ ಕಾಯುತ್ತಾನೆ, ಅಷ್ಟೇ ವ್ಯತ್ಯಾಸ.

ಈ ಬಟ್ಟೆಯ ಫಜೀತಿ ಮದುವೆ ದಿಬ್ಬಣದಲ್ಲೇ ಶುರುವಾಗಿತ್ತು. ಹುಡುಗಿ ಆಸ್ಟ್ರಿಯಾದವಳು, ಮಹಾರಾಣಿ ಮರಿಯಾ ತೆರೇಸಾಳ 15ನೇ ಮಗು. 1770ರ ಏಪ್ರಿಲ್‌ನಲ್ಲಿ ವಿಯೆನ್ನಾದಲ್ಲಿ ಮದುವೆಯಾಯಿತು. ಆಗ ಅವಳಿಗೆ 14 ವರ್ಷ. ಗಂಡು ಫ್ರಾನ್ಸಿನ ದೊರೆ 15ನೇ ಲೂಯಿಯ ಮೊಮ್ಮಗ, ಮುಂದೆ 16ನೇ ಲೂಯಿ ಎಂದು ರಾಜನಾದವನು. ಅವನು ಬಂದಿರಲಿಲ್ಲ. ಅವನ ಜಾಗದಲ್ಲಿ ಹುಡುಗಿಯ ಅಣ್ಣನೇ ನಿಂತು ಶಾಸ್ತ್ರ ಮುಗಿಸಿದ. ಆಮೇಲೆ ಹುಡುಗಿಯನ್ನು ಒಪ್ಪಿಸಿಕೊಡಬೇಕು. ಎಲ್ಲಿ? ಆಸ್ಟ್ರಿಯಾದವರ ಕಡೆಯೂ ಬೇಡ, ಫ್ರಾನ್ಸಿನ ಕಡೆಯೂ ಬೇಡ ಎಂದು ರೈನ್ ನದಿಯ ನಡುವಿನ ದ್ವೀಪದಲ್ಲಿ ಮರದ ಮಂಟಪ ಕಟ್ಟಿದರು. ಆ ಬದಿಯ ಕೋಣೆಗಳು ತವರಿನವು, ಈ ಬದಿಯವು ಗಂಡನ ಮನೆಯವು, ನಡುವಿನ ಹಜಾರ ಯಾರದ್ದೂ ಅಲ್ಲ. ಮೇ 7ರಂದು ಹುಡುಗಿ ಆ ಬದಿಯಿಂದ ಹೋಗಿ ಈ ಬದಿಗೆ ಬಂದಳು. ತವರಿನ ದಾರದೆಳೆಯೂ ಮೈಮೇಲೆ ಇರಬಾರದು ಎಂಬುದು ನಿಯಮ. ಒಳಂಗಿ, ಕಾಲುಚೀಲವನ್ನೂ ಬಿಡಲಿಲ್ಲ ಎನ್ನುತ್ತಾಳೆ ಕಾಂಪಾ. ತವರಿನ ಆ ಬಟ್ಟೆಗಳಲ್ಲಿ ಎಷ್ಟೋ ಪ್ಯಾರಿಸ್‌ನಲ್ಲೇ ಹೊಲಿಸಿದ್ದು ಎಂಬುದು ಬೇರೆ ಮಾತು. ಮಾಪ್ಸ್ ಎಂಬ ಅವಳ ಪುಟ್ಟ ನಾಯಿಯನ್ನೂ ವಾಪಸ್ ಕಳಿಸಿದರು. ಅದೂ ಆಸ್ಟ್ರಿಯಾದ್ದೇ ತಾನೆ.

ಆ ಮಂಟಪದ ಗೋಡೆಗೆ ಅಲಂಕಾರಕ್ಕೆಂದು ನೇಯ್ದ ಚಿತ್ರಗಳನ್ನು ತೂಗುಹಾಕಿದ್ದರು. ಅದರಲ್ಲಿದ್ದ ಕಥೆ ಗ್ರೀಕರ ಜೇಸನ್ ಮತ್ತು ಮೆಡಿಯಾರದು. ಪರದೇಶದಿಂದ ಬಂದ ಹೆಂಡತಿ, ಕೈಕೊಟ್ಟ ಗಂಡ, ಕೊನೆಗೆ ಕೊಲೆ. ಆಗ ಹತ್ತಿರದ ಸ್ಟ್ರಾಸ್‌ಬರ್ಗ್‌ನಲ್ಲಿ ಓದುತ್ತಿದ್ದ ಜರ್ಮನ್ ಕವಿ ಗಯಟೆ ಅದನ್ನು ನೋಡಿ ದಂಗಾಗಿದ್ದ. ಮದುವೆಮನೆಯ ಚಪ್ಪರಕ್ಕೆ ದ್ರೌಪದಿ ವಸ್ತ್ರಾಪಹರಣದ ಚಿತ್ರ ಕಟ್ಟಿದ ಹಾಗಾಯಿತು. ಒಳಗೆ ನಡೆಯುತ್ತಿದ್ದುದಕ್ಕೆ ಸರಿಯಾಗಿಯೇ ಇತ್ತು ಬಿಡಿ.

ಮನೆಗೆ ಬಂದ ಸೊಸೆಗೆ ಅತ್ತೆ ಇರಲಿಲ್ಲ, ತೀರಿಕೊಂಡಿದ್ದಳು. ಪುಣ್ಯವಂತೆ ಅನ್ನಬೇಡಿ. ಗಂಡನ ಸೋದರತ್ತೆಯರು ಮೂವರಿದ್ದರು, ಮೂವರೂ ಮದುವೆಯಾಗದವರು. ಅವರ ಹಗೆ ಮದಾಮ್ ದು ಬಾರಿ. ಎಂದರೆ ಅವರಪ್ಪ 15ನೇ ಲೂಯಿ ಇಟ್ಟುಕೊಂಡಿದ್ದವಳು. ಸೋದರತ್ತೆಯರು ಸೊಸೆಯ ಕಿವಿ ಊದಿದರು, ಸೊಸೆ ಆಕೆಯ ಜೊತೆ ಮಾತು ಬಿಟ್ಟಳು. ಇಲ್ಲಿಯತನಕ ಇದು ಯಾವ ಊರಿನ ಮನೆಯಲ್ಲೂ ಆಗುವುದೇ. ಆದರೆ ವರ್ಸೇಲ್ಸ್‌ನಲ್ಲಿ ದೊಡ್ಡವರು ಬಾಯಿ ಬಿಡದೆ ಚಿಕ್ಕವರು ಮಾತಾಡುವಂತಿಲ್ಲ. ದೊರೆ ದು ಬಾರಿಯ ಬೆರಳ ತುದಿಯಲ್ಲಿದ್ದರೂ ದರ್ಜೆಯಲ್ಲಿ ಈ ಹುಡುಗಿಯೇ ಮೇಲೆ. ಹಾಗಾಗಿ ದು ಬಾರಿ ದಿನಾ ಬಂದು ನಿಂತಳು, ಕಾದಳು, ಹೋದಳು. ತಿಂಗಳುಗಟ್ಟಲೆ.

ದೊರೆಗೆ ಸಿಟ್ಟು ಬಂತು. ವಿಯೆನ್ನಾದಲ್ಲಿ ಅಮ್ಮನಿಗೆ ನಡುಕ ಹುಟ್ಟಿತು. ಆಗ ಆಸ್ಟ್ರಿಯಾ, ರಷ್ಯಾ, ಪ್ರಷ್ಯಾ ಸೇರಿ ಪೋಲೆಂಡನ್ನು ಪಾಲು ಮಾಡಿಕೊಳ್ಳುವ ಹೊಂಚಿನಲ್ಲಿದ್ದವು. ಫ್ರಾನ್ಸ್ ತಂಟೆಗೆ ಬರಬಾರದು. ಮಗಳು ಒಂದು ಮಾತಾಡಿಬಿಟ್ಟರೆ ಕೆಲಸ ಸಲೀಸು. ಅಮ್ಮನಿಂದ ಕಾಗದದ ಮೇಲೆ ಕಾಗದ. ರಾಯಭಾರಿ ಮೆರ್ಸಿ ಬೆನ್ನು ಹತ್ತಿದ. ಕಡೆಗೆ 1772ರ ಜನವರಿ 1ರಂದು ಅವಳು ದು ಬಾರಿಯ ಕಡೆ ತಿರುಗಿ ಹೇಳಿದಳು: "ಇವತ್ತು ವರ್ಸೇಲ್ಸ್‌ನಲ್ಲಿ ಜನ ತುಂಬಾ ಇದ್ದಾರೆ."

ಅಷ್ಟೇ. ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೆ ನಾವು ಸುಮ್ನೆ ಹೇಳುವ ಮಾತು. ಅರಮನೆ ನಿಟ್ಟುಸಿರು ಬಿಟ್ಟಿತು. ಅದೇ ವರ್ಷ ಪೋಲೆಂಡ್ ಹೋಳಾಯಿತು. ಈ ಮಾತಿನಿಂದಲೇ ಆಯಿತು ಎನ್ನಲಾರೆ, ಆದರೆ ಈ ಮಾತಿಗೂ ಆಗ ಅಷ್ಟು ಬೆಲೆ ಇತ್ತು.

ಮುಂದಿನ ರಾಷ್ಟ್ರೀಯ ಸಮಸ್ಯೆ ಹಾಸಿಗೆ. ಏಳು ವರ್ಷ ಗಂಡಹೆಂಡತಿ ನಡುವೆ ಏನೂ ನಡೆಯಲಿಲ್ಲ. ಇದು ಕೋಣೆಯೊಳಗಿನ ಮಾತಲ್ಲ. ರಾಯಭಾರಿಗಳು ತಮ್ಮ ತಮ್ಮ ದೇಶಕ್ಕೆ ವರದಿ ಬರೆಯುತ್ತಿದ್ದರು. ಅಮ್ಮ ಮಗಳ ಮುಟ್ಟಿನ ಲೆಕ್ಕ ಕೇಳುತ್ತಿದ್ದಳು. ಬೀದಿಯಲ್ಲಿ ಜನ ಲಾವಣಿ ಕಟ್ಟಿ ಹಾಡುತ್ತಿದ್ದರು. ಕೊನೆಗೆ 1777ರಲ್ಲಿ ಚಕ್ರವರ್ತಿಯಾಗಿದ್ದ ಅಣ್ಣ ಎರಡನೇ ಜೋಸೆಫ್ ಹೆಸರು ಬದಲಿಸಿಕೊಂಡು ಬಂದು ಬಾವನನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದ. ಒಂದು ಸಾಮ್ರಾಜ್ಯದ ವಿದೇಶಾಂಗ ನೀತಿ ಆ ಮಟ್ಟಕ್ಕೆ ಇಳಿದಿತ್ತು.

ಫಲ ಸಿಕ್ಕಿತು. 1778ರ ಡಿಸೆಂಬರ್ 19, ಹೆರಿಗೆ. ಮಗು ಅದಲುಬದಲಾಗಬಾರದು ಎಂದು ಎಲ್ಲರೂ ನೋಡಬೇಕಂತೆ. ರಾಣಿ ಹೆರುತ್ತಿದ್ದಾಳೆ ಎಂದು ವೈದ್ಯ ಕೂಗಿದ್ದೇ ತಡ, ಜನ ಜಾತ್ರೆಯ ಹಾಗೆ ನುಗ್ಗಿದರು. ಸರಿಯಾಗಿ ಕಾಣಲಿ ಎಂದು ಇಬ್ಬರು ಮೇಜುಕುರ್ಚಿ ಹತ್ತಿ ನಿಂತರು. ಚಳಿಗೆಂದು ಕಿಟಕಿಗಳನ್ನು ಕಾಗದ ಅಂಟಿಸಿ ಮುಚ್ಚಿದ್ದರು. ಉಸಿರುಕಟ್ಟಿ ರಾಣಿ ಮೂರ್ಛೆ ಹೋದಳು. ಅಷ್ಟರಲ್ಲಿ ರಾಜನಾಗಿದ್ದ ಗಂಡನೇ ಹೋಗಿ ಕಿಟಕಿ ತೆಗೆದ. ಕಿಟಕಿ ತೆರೆಯುವ ಹಕ್ಕು ಯಾರದು ಎಂದು ಅವತ್ತು ಯಾರೂ ಕೇಳಲಿಲ್ಲ ಅನ್ನುವುದೇ ಸಮಾಧಾನ. ಇಷ್ಟು ಪಾಡುಪಟ್ಟು ಹುಟ್ಟಿದ್ದು ಹೆಣ್ಣು. ಫ್ರಾನ್ಸಿನಲ್ಲಿ ಹೆಣ್ಣು ಪಟ್ಟಕ್ಕೆ ಬರುವಂತಿಲ್ಲ.

ಇಷ್ಟೆಲ್ಲ ನೋಡಿದ ಈ ಜನಕ್ಕೆ 1783ರಲ್ಲಿ ಇದ್ದಕ್ಕಿದ್ದಂತೆ ನಾಚಿಕೆ ಹುಟ್ಟಿತು. ವಿಜೇ ಲೆಬ್ರನ್ ಎಂಬ ಚಿತ್ರಗಾರ್ತಿ ರಾಣಿಯ ಚಿತ್ರ ಬರೆದಳು. ಬಿಳಿ ಮಸ್ಲಿನ್ ಉಡುಪು, ಹುಲ್ಲಿನ ಟೋಪಿ, ಕೈಯಲ್ಲಿ ಗುಲಾಬಿ. ಮೈತುಂಬ ಬಟ್ಟೆಯಿದೆ. ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟರೆ ಹಾಹಾಕಾರ: ರಾಣಿ ಒಳಂಗಿಯಲ್ಲೇ ಚಿತ್ರ ಬರೆಸಿಕೊಂಡಿದ್ದಾಳೆ! ಮುಂಜಾನೆ ಅದೇ ಒಳಂಗಿ ಕೊಡುವುದಕ್ಕೆ ಸಾಲು ನಿಲ್ಲುವವರ ಊರಿನಲ್ಲಿ. ಚಿತ್ರ ಇಳಿಸಿ, ರೇಷ್ಮೆ ಉಟ್ಟ ಇನ್ನೊಂದನ್ನು ತೂಗುಹಾಕಬೇಕಾಯಿತು. ಹತ್ತಿ ಉಟ್ಟರೆ ಲಿಯೋನಿನ ರೇಷ್ಮೆ ನೇಕಾರರ ಹೊಟ್ಟೆಯ ಮೇಲೆ ಹೊಡೆದಳು, ಅಣ್ಣನ ರಾಜ್ಯದ ನೇಕಾರರನ್ನು ಸಾಕಿದಳು. ರೇಷ್ಮೆ ಉಟ್ಟರೆ ಖಜಾನೆ ಬರಿದು ಮಾಡಿದಳು, 'ಮದಾಮ್ ಡೆಫಿಸಿಟ್'. ಏನನ್ನೂ ಉಡದೆ ನಿಂತಾಗ ಮಾತ್ರ ನಿಯಮ ಪಾಲಿಸಿದಳು.

ಖಜಾನೆ ಅಂದಾಗ ನಮ್ಮವರು ನೆನಪಾದರು. 1788ರ ಆಗಸ್ಟ್ 10ರಂದು ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು ಇದೇ ವರ್ಸೇಲ್ಸ್‌ನ ದರ್ಬಾರಿಗೆ ಬಂದರು. ಇಂಗ್ಲಿಷರ ಮೇಲೆ ಯುದ್ಧಕ್ಕೆ ಫ್ರೆಂಚರ ಬಲ ಬೇಕಿತ್ತು. ಮೈಸೂರಿನವರನ್ನು ನೋಡಲು ಜನ ಮುಗಿಬಿದ್ದರು, ಮರ್ಯಾದೆಗೆ ಕೊರತೆಯಾಗಲಿಲ್ಲ. ಸೈನ್ಯ ಮಾತ್ರ ಸಿಗಲಿಲ್ಲ. ಆರೇ ದಿನ ಕಳೆದು, ಆಗಸ್ಟ್ 16ಕ್ಕೆ, ಕೈಯಲ್ಲಿ ನಗದಿಲ್ಲ, ಬಾಕಿಯ ಒಂದು ಪಾಲಿಗೆ ಚೀಟಿ ಕೊಡುತ್ತೇವೆ ಎಂದು ಸರ್ಕಾರವೇ ಕೈಯೆತ್ತಿತು. ದಿವಾಳಿಯಾದ ಮನೆಯಲ್ಲೂ ಯಾರು ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ಮಾತ್ರ ತಪ್ಪಿರಲಿಲ್ಲ.

"ಬ್ರೆಡ್ ಇಲ್ಲದಿದ್ದರೆ ಕೇಕ್ ತಿನ್ನಲಿ" ಎಂದವಳು ಇವಳೇ ಎಂದು ನಾವೆಲ್ಲ ಓದಿದ್ದೇವೆ. ಆ ಕಥೆಯನ್ನು ರೂಸೋ 'ಒಬ್ಬ ದೊಡ್ಡ ರಾಜಕುಮಾರಿ'ಯ ಮಾತೆಂದು ತನ್ನ ಆತ್ಮಕಥೆಯಲ್ಲಿ ಬರೆದಾಗ ಇವಳಿನ್ನೂ ವಿಯೆನ್ನಾದಲ್ಲಿ ಆಡುತ್ತಿದ್ದ ಮಗು. ಮೋಸಗಾರರು ಇವಳ ಹೆಸರು ಹೇಳಿ ವಜ್ರದ ಹಾರ ಹೊಡೆದ ಹಗರಣವೂ ಹಾಗೇ. ಹಾರ ಇವಳು ಕೊಳ್ಳಲಿಲ್ಲ, ಕೈಗೂ ಬರಲಿಲ್ಲ, ಹೆಸರು ಮಾತ್ರ ಇವಳದೇ ಕೆಟ್ಟಿತು. ಅವಳೇನೂ ಮುಗ್ಧೆಯಲ್ಲ. ಜೂಜಾಡಿದ್ದಾಳೆ, ಗೆಳತಿಯರಿಗೆ ದುಡ್ಡು ಸುರಿದಿದ್ದಾಳೆ. ಆದರೆ 23 ವರ್ಷ ಫ್ರಾನ್ಸಿನಲ್ಲೇ ಬಾಳಿದರೂ ಅವಳು 'ಆ ಆಸ್ಟ್ರಿಯಾದವಳು' ಆಗಿಯೇ ಉಳಿದಳು. ದ್ವೀಪದಲ್ಲಿ ಅಷ್ಟೆಲ್ಲ ಬಿಚ್ಚಿಸಿದ್ದು ದಂಡ.

ಆಮೇಲೆ ಕ್ರಾಂತಿ ಬಂತು. ಡಚೆಸ್‌ಗಳು ಹೋದರು, ದರ್ಜೆಗಳು ಹೋದವು, ರಾಜನ ತಲೆಯೂ ಹೋಯಿತು. 1793ರ ಅಕ್ಟೋಬರ್ 16ರ ಬೆಳಗ್ಗೆ ಸೆರೆಮನೆಯಲ್ಲಿ ರಾಣಿ ಗಿಲೋಟಿನ್‌ಗೆ ಹೊರಡಬೇಕು. ಅದಕ್ಕೆ ಮೊದಲು ಒಳಂಗಿ ಬದಲಿಸಬೇಕಿತ್ತು, ರಕ್ತಸ್ರಾವವಾಗುತ್ತಿತ್ತು. ಕಾವಲಿಗಿದ್ದ ಅಧಿಕಾರಿ ಹತ್ತಿರ ಬಂದು ನೋಡುತ್ತ ನಿಂತ. ದಯವಿಟ್ಟು ಸ್ವಲ್ಪ ಆಚೆ ಹೋಗಿ ಎಂದಳು. ಆಗುವುದಿಲ್ಲ, ಕಣ್ಣಿಟ್ಟಿರಬೇಕು ಎಂದು ತನಗೆ ಆಜ್ಞೆಯಾಗಿದೆ ಎಂದ.

ರೊಸಾಲಿ ಎಂಬ ಸೆರೆಮನೆಯ ಕೆಲಸದ ಹುಡುಗಿ ಅಡ್ಡ ನಿಂತಳು. ಅವಳ ಮರೆಯಲ್ಲಿ ರಾಣಿ ಮಂಚಕ್ಕೂ ಗೋಡೆಗೂ ನಡುವೆ ಕುಗ್ಗಿ ಕೂತು, ತನ್ನ ಕೈಯಿಂದಲೇ ಒಳಂಗಿ ಹಾಕಿಕೊಂಡಳು. ಬಿಚ್ಚಿದ್ದನ್ನು ಸುತ್ತಿ ಗೋಡೆಯ ಸಂದಿಗೆ ತುರುಕಿದಳು.