ಕೈಯಿಂದ ಬಿಡಿಗಾಸು ಹಾಕದೆ ಜಾಗ ಮಾರಹೊರಟವರ ಬಗ್ಗೆ

ಕಳೆದ ಭಾನುವಾರ ಮಂಗಳೂರಿನ ಹೋಟೆಲೊಂದರ ಸಭಾಂಗಣದಲ್ಲಿ ‘ರಿಯಲ್ ಎಸ್ಟೇಟ್ ಹೋಲ್‌ಸೇಲಿಂಗ್’ ಎಂಬ ತರಬೇತಿ ನಡೆಯಿತಂತೆ. ಅಲ್ಲಿಗೆ ಹಣ ಕಟ್ಟಿ ಹೋಗಿಬಂದ ಹುಡುಗನೊಬ್ಬ ನಿನ್ನೆ ಉಡುಪಿಯ ನನ್ನ ವಕೀಲಿ ಕಚೇರಿಗೆ ಬಂದಿದ್ದ. ಪರಿಚಿತರ ಮಗ, ಎಂ.ಬಿ.ಎ. ಮುಗಿಸಿದವನು, ಮಾತಿನಲ್ಲಿ ನಯವಿದೆ. ಅವನು ತಂದಿದ್ದ ಅಮೆರಿಕ ನಮೂನೆಯ ಇಂಗ್ಲಿಷ್ ಅಗ್ರಿಮೆಂಟಿನಲ್ಲಿ ಎಸ್ಕ್ರೋ ಏಜೆಂಟ್ (ವ್ಯವಹಾರ ಮುಗಿಯುವವರೆಗೆ ಹಣ ಹಿಡಿದಿಟ್ಟುಕೊಳ್ಳುವ ಮಧ್ಯಸ್ಥ) ಇದ್ದ, ಟೈಟಲ್ ಕಂಪೆನಿ ಇತ್ತು, ‘ಕೌಂಟಿ’ (ಅಲ್ಲಿನವರ ಜಿಲ್ಲೆ) ಎಂದು ಅಚ್ಚಾದ ಕಡೆ ಖಾಲಿ ಬಿಟ್ಟ ಗೆರೆಯ ಮೇಲೆ ಅವನು ನೀಲಿ ಪೆನ್ನಿನಲ್ಲಿ ‘ಉಡುಪಿ’ ಎಂದು ತುಂಬಿದ್ದ. “ಅಂಕಲ್, ಇದನ್ನು ಕನ್ನಡದಲ್ಲಿ ಸ್ಟಾಂಪ್ ಪೇಪರಿಗೆ ಹಾಕಿಕೊಟ್ಟರೆ ಸಾಕು, ಪಾರ್ಟಿ ರೆಡಿ ಇದ್ದಾರೆ, ನಮಗೆ ಇದರಲ್ಲಿ ಬಂಡವಾಳವೇ ಬೇಡ” ಎಂದ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆ ಕೊನೆಯ ಮಾತನ್ನು ಅವನ ಬಾಯಲ್ಲಿ ಇಟ್ಟು ಕಳುಹಿಸಿದವರ ಮೇಲೆ ಇದೆ, ಅದು ರಾತ್ರಿಯಾದರೂ ಇಳಿಯದ ಕಾರಣ ಇಷ್ಟುದ್ದ ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಅಮೆರಿಕದಲ್ಲಿ ಹೋಲ್‌ಸೇಲಿಂಗ್ ಎಂದರೆ, ತೆರಿಗೆ ಬಾಕಿಯಿಂದಲೋ ಪಿತ್ರಾರ್ಜಿತವಾಗಿ ಬಂದು ಪಾಳುಬಿದ್ದ ಕಾರಣದಿಂದಲೋ ಬೇಗ ಮಾರಬೇಕಾಗಿರುವ ಮನೆಯೊಡೆಯನನ್ನು ಹುಡುಕಿ, ಕಡಿಮೆ ದರಕ್ಕೆ ಕರಾರು ಮಾಡಿಕೊಂಡು, ನೋಂದಣಿಯ ದಿನ ಬರುವುದರೊಳಗೆ ಆ ಕರಾರನ್ನೇ ಕೈಯಲ್ಲಿ ಹಣವಿರುವ ಮತ್ತೊಬ್ಬನಿಗೆ ವಹಿಸಿಕೊಟ್ಟು, ನಡುವಿನ ವ್ಯತ್ಯಾಸವನ್ನು ಶುಲ್ಕವೆಂದು ಜೇಬಿಗಿಳಿಸುವುದು. ರಿಪೇರಿಯಾದ ಮೇಲೆ ಬರಬಹುದಾದ ಬೆಲೆಯ ಶೇಕಡಾ 70ರಿಂದ ರಿಪೇರಿ ಖರ್ಚನ್ನು ಕಳೆದು, ಉಳಿದುದಕ್ಕಿಂತ ಹೆಚ್ಚು ಕೊಡಬಾರದೆಂಬ ಲೆಕ್ಕಾಚಾರವೂ ಅಲ್ಲಿ ರೂಢಿಯಲ್ಲಿದೆ. ಹಕ್ಕುಪತ್ರಗಳನ್ನು ತನಿಖೆ ಮಾಡಲು ಅಲ್ಲಿ ಟೈಟಲ್ ಕಂಪೆನಿ ಇರುತ್ತದೆ, ತನಿಖೆಯಲ್ಲಿ ತಪ್ಪಿದರೆ ವಿಮೆ ಇರುತ್ತದೆ. ಇಷ್ಟೆಲ್ಲ ಇದ್ದೂ ಇಲಿನಾಯ್ ರಾಜ್ಯ 2019ರಲ್ಲಿ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಇಂಥ ವ್ಯವಹಾರ ಮಾಡುವವನು ಲೈಸೆನ್ಸ್ ಪಡೆಯಲೇಬೇಕೆಂದಿತು. ಓಕ್ಲಹೋಮ 2021ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. ಹುಟ್ಟಿದ ಊರಿನಲ್ಲೇ ಲಗಾಮು ಬಿದ್ದಿರುವ ಈ ಸಂಗತಿಯನ್ನು ತರಬೇತಿಯಲ್ಲಿ ಹೇಳಿದರೇ ಎಂದು ಕೇಳಿದೆ. ಹುಡುಗ ಇಲ್ಲವೆಂದು ತಲೆ ಅಲ್ಲಾಡಿಸಿದ. ಮಧ್ಯಾಹ್ನದ ಊಟ ಮಾತ್ರ ಚೆನ್ನಾಗಿತ್ತಂತೆ.

ಈಗ ಆ ‘ಬಂಡವಾಳವೇ ಬೇಡ’ ಎಂಬುದಕ್ಕೆ ಬರುತ್ತೇನೆ. ಬಂಡವಾಳವಿಲ್ಲದ ವ್ಯಾಪಾರ ಲೋಕದಲ್ಲಿಲ್ಲ. ಹಾಕುವವನು ಬೇರೆಯವನಾಗಿದ್ದರೆ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಇಲ್ಲಿ ಹಾಕುವವನು ಜಾಗದ ಯಜಮಾನ. ಅವನ ಆಸ್ತಿ ಆರು ತಿಂಗಳು ಕಟ್ಟಿಬೀಳುತ್ತದೆ, ಆ ಅವಧಿಯಲ್ಲಿ ಬಂದ ನಿಜವಾದ ಗಿರಾಕಿ ತಿರುಗಿ ಹೋಗುತ್ತಾನೆ. ಗಿರಾಕಿ ಸಿಗದಿದ್ದರೆ ಹೋಲ್‌ಸೇಲರ್ ಮಹಾಶಯರು ಕಳೆದುಕೊಳ್ಳುವುದು ಟೋಕನ್ ಹಣವನ್ನು ಮಾತ್ರ. ಎಷ್ಟೋ ಸಲ ಅದನ್ನೂ ಕಳೆದುಕೊಳ್ಳುವುದಿಲ್ಲ, ಜಗಳವಾಡಿ ಹಿಂದಕ್ಕೆ ಪಡೆಯುತ್ತಾರೆ.

ಇದು ಕಾನೂನುಬಾಹಿರವೆಂದು ನಾನು ಹೇಳುತ್ತಿಲ್ಲ, ದಯವಿಟ್ಟು ಕಮೆಂಟಿನಲ್ಲಿ ಹಾಗೆ ಓದಿಕೊಳ್ಳಬೇಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೆಯ ಕಲಮಿನ ಪ್ರಕಾರ ಕ್ರಯದ ಕರಾರಿನಿಂದಷ್ಟೇ ಜಾಗದ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ. ಕ್ರಯಪತ್ರ ಮಾಡಿಕೊಡಿ ಎಂದು ಕೇಳುವ ಹಕ್ಕು ಮಾತ್ರ ಸಿಗುತ್ತದೆ. ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಸಾಮಾನ್ಯವಾಗಿ ಆ ಹಕ್ಕನ್ನು ಇನ್ನೊಬ್ಬರಿಗೆ ವಹಿಸಲೂ ಬಹುದು. ‘ನಿಮ್ಮ ಅಥವಾ ನೀವು ಸೂಚಿಸುವವರ ಹೆಸರಿಗೆ ಕ್ರಯಪತ್ರ ಬರೆದುಕೊಡತಕ್ಕದ್ದು’ ಎಂಬ ಸಾಲು ನಮ್ಮ ದಸ್ತಾವೇಜುಗಳಲ್ಲಿ ಎಷ್ಟೋ ಕಾಲದಿಂದ ಕೂತಿದೆ, ಬೈಂದೂರಿನಿಂದ ಉಳ್ಳಾಲದವರೆಗಿನ ಬ್ರೋಕರುಗಳಿಗೆ ಅದು ಬಾಯಿಪಾಠ. ಅಂಥ ಅಗ್ರಿಮೆಂಟುಗಳನ್ನು ಬರೆದುಕೊಟ್ಟು ನನ್ನ ಮನೆಯ ಅಕ್ಕಿಬೇಳೆಯೂ ಬಂದಿದೆಯೆಂಬುದನ್ನು ಬೇರೆ ಯಾರೋ ನೆನಪಿಸುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೊಸತೇನಾದರೂ ಇದ್ದರೆ ಅದು ಪ್ರೊಜೆಕ್ಟರ್ ಮತ್ತು ಪ್ರವೇಶ ಶುಲ್ಕ.

ಆದರೆ ಇದೇ ಕಾನೂನಿನ ಇನ್ನೊಂದು ಮಗ್ಗುಲನ್ನು ಆರಂಭಿಕರಿಗೆ ಯಾರೂ ತೋರಿಸುವುದಿಲ್ಲ. ಯಜಮಾನ ಕ್ರಯಪತ್ರ ಮಾಡಿಕೊಡಲು ಒಪ್ಪದಿದ್ದರೆ ನೀವು ನ್ಯಾಯಾಲಯಕ್ಕೆ ಹೋಗಬೇಕು, ಹೋದರೆ ಉಳಿದ ಹಣ ಕೊಟ್ಟು ಖರೀದಿಸಲು ನೀವು ಸದಾ ಸಿದ್ಧರಿದ್ದಿರೆಂದು ರುಜುವಾತು ಮಾಡಬೇಕು. ಬಂಡವಾಳವೇ ಇಲ್ಲದೆ ಇಳಿದವನು ಯಾವ ಪಾಸ್‌ಬುಕ್ ತೋರಿಸುತ್ತಾನೆ? ಹಾಗಾಗಿ ಅವನ ಕೈಯಲ್ಲಿರುವ ಕಾಗದ ಕೊನೆಗೆ ಗೆಲ್ಲುವುದು ಕಷ್ಟ. ಸೋಲುವ ಕಾಗದಕ್ಕೂ ವರ್ಷಗಟ್ಟಲೆ ಕಾಡುವ ಶಕ್ತಿ ಇದೆಯೆಂಬುದೇ ಈ ವ್ಯವಹಾರದ ನಿಜವಾದ ಬಂಡವಾಳ.

ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ಬ್ರಹ್ಮಾವರದ ಹತ್ತಿರ ನನ್ನ ಚಿಕ್ಕಮ್ಮನ ಹೆಸರಿನಲ್ಲಿ ಒಂದು ಸಣ್ಣ ಜಾಗವಿತ್ತು, ಚಿಕ್ಕಪ್ಪ ತೀರಿಕೊಂಡ ಮೇಲೆ ಮಾರಬೇಕಾಗಿ ಬಂತು. ಬಂದಾತ ತಾನೇ ಮನೆ ಕಟ್ಟುತ್ತೇನೆ ಎಂದ, ಬಾವಿಯ ನೀರು ಕುಡಿದು ಸಿಹಿಯಾಗಿದೆ ಎಂದ, ಒಂದು ಲಕ್ಷ ಅಡ್ವಾನ್ಸ್ ಕೊಟ್ಟು ಆರು ತಿಂಗಳ ಅವಧಿಗೆ ಅಗ್ರಿಮೆಂಟ್ ಮಾಡಿ ನೋಂದಣಿಯನ್ನೂ ಮಾಡಿಸಿಕೊಂಡ. ವಾರ ಕಳೆಯುವುದರೊಳಗೆ ಅದೇ ಬಾವಿಯ ಫೋಟೋ ವಾಟ್ಸ್ಯಾಪ್ ಗ್ರೂಪುಗಳಲ್ಲಿ, ಸೆಂಟ್ಸಿಗೆ ಅರ್ಧಕ್ಕರ್ಧ ಹೆಚ್ಚಿನ ದರದೊಂದಿಗೆ ತಿರುಗತೊಡಗಿತು. ಚಿಕ್ಕಮ್ಮನಿಗೆ ಅದನ್ನು ತೋರಿಸಿದ್ದು ಪಕ್ಕದ ಮನೆಯ ಕಾಲೇಜು ಹುಡುಗಿ. ಅವಧಿ ಮುಗಿಯಿತು, ಗಿರಾಕಿ ಬರಲಿಲ್ಲ, ರದ್ದತಿ ಪತ್ರಕ್ಕೆ ಸಹಿ ಹಾಕು ಎಂದರೆ ವಕೀಲರ ನೋಟೀಸು ಬಂತು. ಅಷ್ಟರಲ್ಲಿ ಊರಿನವರೇ ಒಬ್ಬರು ಕೊಳ್ಳಲು ಮುಂದೆ ಬಂದಿದ್ದರು, ಆದರೆ ಋಣಭಾರ ಪತ್ರದಲ್ಲಿ ಈ ಅಗ್ರಿಮೆಂಟು ಕಂಡದ್ದೇ ಬ್ಯಾಂಕಿನವರು ಅವರಿಗೆ ಸಾಲ ಕೊಡಲಿಲ್ಲ. ದಾವೆ ಹೂಡಲು ಅವನಿಗೆ ಮೂರು ವರ್ಷ ಕಾಲಾವಕಾಶವಿದೆಯೆಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ಕೊನೆಗೆ ಅಡ್ವಾನ್ಸಿನ ಜೊತೆಗೆ ಮೇಲೆ ಇನ್ನಷ್ಟು ಕೊಟ್ಟು ಸಹಿ ಪಡೆದೆವು. ಇಷ್ಟು ವರ್ಷ ಕರಿಕೋಟು ಹಾಕಿದ ನಾನು ಎದುರಿಗೆ ಕೂತು ಆ ನೋಟುಗಳನ್ನು ಎಣಿಸಿಕೊಡಬೇಕಾಯಿತು. ಅವನು ಹೊರಡುವಾಗ “ಹೋಗಿಬರುತ್ತೇನಮ್ಮ” ಎಂದು ಚಿಕ್ಕಮ್ಮನ ಕಾಲು ಮುಟ್ಟಿ ನಮಸ್ಕರಿಸಿದ್ದನ್ನು ಇಂದಿಗೂ ನನ್ನಿಂದ ಜೀರ್ಣಿಸಿಕೊಳ್ಳಲು ಆಗಿಲ್ಲ.

ಬ್ರೋಕರುಗಳೂ ಬಂಡವಾಳವಿಲ್ಲದೆಯೇ ದುಡಿಯುತ್ತಾರಲ್ಲ, ತುರ್ತಾಗಿ ಮಾರಬೇಕಾದವರಿಗೆ ಇದರಿಂದ ಅನುಕೂಲವಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಬ್ರೋಕರ್ ತಾನು ಬ್ರೋಕರ್ ಎಂದು ಹೇಳಿಕೊಂಡೇ ಅಂಗಳಕ್ಕೆ ಬರುತ್ತಾನೆ, ಅವನಿಗೆ ಶೇಕಡಾ ಎಷ್ಟು ಎಂಬುದು ಮಾರುವವನಿಗೂ ಕೊಳ್ಳುವವನಿಗೂ ಗೊತ್ತಿರುತ್ತದೆ, ಗಿರಾಕಿ ಸಿಗದಿದ್ದರೆ ಜಾಗವನ್ನು ಕಟ್ಟಿಹಾಕುವುದಿಲ್ಲ. ಇವರು ಬರುವುದು ಕೊಳ್ಳುವವನ ವೇಷದಲ್ಲಿ. ಇನ್ನು ತುರ್ತಿನವರ ಅನುಕೂಲದ ಮಾತು. ಹಾಗೆ ವಾದಿಸಿದವರಲ್ಲಿ ಒಬ್ಬರಾದರೂ ತಮ್ಮ ತಾಯಿಯ ಜಾಗವನ್ನು ಈ ಪದ್ಧತಿಯಲ್ಲಿ ಮಾರಿದ್ದನ್ನು ನಾನು ಕಂಡಿಲ್ಲ.

ನನಗೆ ಇದಕ್ಕಿಂತಲೂ ಹೆಚ್ಚು ಕಸಿವಿಸಿಯಾಗುವುದು, ಕರಾವಳಿಯ ಭೂಮಿಯ ಬಗ್ಗೆ ಒಂದಕ್ಷರವೂ ಗೊತ್ತಿಲ್ಲದವರು ಇಲ್ಲಿನ ಮಕ್ಕಳಿಗೆ ಇದನ್ನು ಕಲಿಸುತ್ತಿರುವುದು. ಹುಡುಗ ತೋರಿಸಿದ ಪಹಣಿಯನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಅವನು 9ನೆಯ ಕಾಲಂನಲ್ಲಿ ಹೆಸರು ನೋಡಿ ತೃಪ್ತನಾಗಿದ್ದ, 11ನೆಯ ಕಾಲಂ ಕಡೆಗೆ ಅವನ ಕಣ್ಣು ಹೋಗಿರಲೇ ಇಲ್ಲ. ಅಲ್ಲಿ ಸೊಸೈಟಿಯ ಸಾಲ ಕೂತಿತ್ತು. ಆ ಜಾಗ ಆ ಕುಟುಂಬಕ್ಕೆ ಬಂದದ್ದು ಹೇಗೆಂದು ಕೇಳಿದೆ. ‘ಡಿಕ್ಲರೇಶನ್’ ಎಂದು ಅವರು ಹೇಳಿದ್ದರಂತೆ, ಅದೇನೆಂದು ಇವನು ಕೇಳಿರಲಿಲ್ಲ. ಗೇಣಿಗೆ ಉಳುವ ಜಾಗ ತನಗೇ ಸಿಗಬೇಕೆಂದು ಗೇಣಿದಾರ ಕೊಟ್ಟ ಅರ್ಜಿ ಅದು. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಭೂ ನ್ಯಾಯಮಂಡಳಿಯಿಂದ ಗೇಣಿದಾರರಿಗೆ ಬಂದ ಜಾಗಗಳು ನಮ್ಮ ಎರಡೂ ಜಿಲ್ಲೆಗಳಲ್ಲಿ ತುಂಬಿಹೋಗಿವೆ. ಆದೇಶದ ಪ್ರತಿ ಎಲ್ಲಿ, ನಮೂನೆ 10 (ಗೇಣಿದಾರನಿಗೆ ಕೊಟ್ಟ ಹಕ್ಕಿನ ಪ್ರಮಾಣಪತ್ರ) ಇದೆಯೇ, ಹದಿನೈದು ವರ್ಷಗಳ ಪರಭಾರೆ ನಿಷೇಧದ ಅವಧಿಯೊಳಗೆ ಯಾರಾದರೂ ಕೈಬದಲಾಯಿಸಿದ್ದಾರೆಯೇ ಎಂದು ನೋಡದೆ ಬೆಲೆ ಮಾತಾಡುವುದೇ ತಪ್ಪು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಾಗವಾದರೆ ಅದರ ಪರಭಾರೆಯನ್ನು ತಡೆಯುವ 1978ರ ಕಾಯ್ದೆ ಎದುರಿಗೆ ನಿಲ್ಲುತ್ತದೆ. ಪೂರ್ವಾನುಮತಿ ಇಲ್ಲದ ಕ್ರಯ ಅಲ್ಲಿ ಊರ್ಜಿತವೇ ಅಲ್ಲ.

ಕುಮ್ಕಿಯ ಕಥೆ ಇನ್ನೂ ಸ್ವಾರಸ್ಯಕರ. ವರ್ಗ ಜಾಗದ (ಸ್ವಂತ ಪಟ್ಟಾ ಜಾಗದ) ಪಕ್ಕದ ಸರ್ಕಾರಿ ಭೂಮಿಯಿಂದ ಸೊಪ್ಪು, ಸೌದೆ ಪಡೆಯುವ ಸೌಲಭ್ಯವನ್ನು ತಲೆಮಾರುಗಳಿಂದ ಅನುಭವಿಸಿದ ಮನೆಯವರು ಅದನ್ನು ತಮ್ಮದೆಂದೇ ತಿಳಿದಿರುತ್ತಾರೆ, ಬೇಲಿಯನ್ನೂ ಹಾಕಿರುತ್ತಾರೆ. ನೀವು ಅಳೆದು ದರ ಹೇಳಿದ ಜಾಗದಲ್ಲಿ ಅರ್ಧ ಪಾಲು ಸರ್ಕಾರದ್ದಾಗಿರಬಹುದು. ಪೇಟೆಯ ಒಳಗಾದರೆ ಮೂಲಗೇಣಿ, ಅಂದರೆ ಶಾಶ್ವತ ಗೇಣಿ, ಎದುರಾಗುತ್ತದೆ, ಮನೆ ಒಬ್ಬರದು, ನೆಲದ ಮೂಲಿ ಹಕ್ಕು ಇನ್ನೊಬ್ಬರದು. ಈ ಗಂಟು ಬಿಡಿಸಲೆಂದೇ ಸರ್ಕಾರ 2011ರ ಹೆಸರಿನಲ್ಲಿ ಒಂದು ಕಾಯ್ದೆಯನ್ನೇ ತರಬೇಕಾಯಿತು. ತಾಯಿಯ ಕಡೆಯಿಂದ ಹಕ್ಕು ಇಳಿಯುವ ಅಳಿಯಸಂತಾನದ ಕುಟುಂಬದ ಆಸ್ತಿಯಾದರೆ ಪಾಲುಪಟ್ಟಿ ಆಗಿದೆಯೇ, ಯಾವ ಕವರಿಗೆ (ಕುಟುಂಬದ ಕವಲಿಗೆ) ಏನು ಹೋಯಿತು, ಮುಂಬಯಿಯ ದೊಡ್ಡಮ್ಮನ ಮಕ್ಕಳು ಸಹಿ ಹಾಕಿದ್ದಾರೆಯೇ ಎಂದು ಬೆನ್ನುಹತ್ತಬೇಕು. ಎಲ್ಲವೂ ಸರಿಯಿದ್ದು ಮೂಲೆಯಲ್ಲೊಂದು ನಾಗಬನವಿದ್ದರೆ, ಕಾಗದಗಳು ಎಷ್ಟೇ ಶುದ್ಧವಿದ್ದರೂ ಗಿರಾಕಿ ಬನದ ಎದುರು ಚಪ್ಪಲಿ ಬಿಟ್ಟು ಕೈಮುಗಿದು ಹಾಗೆಯೇ ವಾಪಸು ಹೋಗುತ್ತಾನೆ. ಇದನ್ನು ಯಾವ 70 ಶೇಕಡಾ ಸೂತ್ರದಲ್ಲಿ ಹಾಕಿ ಲೆಕ್ಕ ಮಾಡುತ್ತೀರಿ?

ತರಬೇತಿಯಲ್ಲಿ ‘ಕ್ಯಾಶ್ ಬಯರ್ಸ್’ ಪಟ್ಟಿ ಮಾಡಿಕೊಳ್ಳಿ ಎಂದಿದ್ದಾರೆ. ನಮ್ಮ ಹುಡುಗನ ಪಟ್ಟಿಯ ತುಂಬ ದುಬೈ, ಕತಾರ್, ಮಸ್ಕತ್. ಅನಿವಾಸಿ ಭಾರತೀಯರು ಕೃಷಿಭೂಮಿಯನ್ನು ಖರೀದಿಸುವಂತಿಲ್ಲವೆಂಬ ವಿದೇಶಿ ವಿನಿಮಯ ನಿಯಮ ಅವನಿಗೆ ಗೊತ್ತಿರಲಿಲ್ಲ, ಅವನು ಮಾರಹೊರಟ ಜಾಗಕ್ಕೆ ಇನ್ನೂ ಕೃಷಿಯೇತರ ಪರಿವರ್ತನೆಯೂ ಆಗಿಲ್ಲ. ಕ್ಯಾಶ್ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳುವವರೂ ಇದ್ದಾರೆ. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಬೀಳುವುದು ಹಣ ಪಡೆದ ಯಜಮಾನನ ತಲೆಗೆ. ಅಗ್ರಿಮೆಂಟ್ ವಹಿಸುವ ರಗಳೆಯೇ ಬೇಡ, ಕೊಂಡು ಅದೇ ದಿನ ಮಾರಿಬಿಡುತ್ತೇನೆ ಎಂದರೆ ಎರಡು ಕ್ರಯಪತ್ರಗಳಿಗೆ ಎರಡು ಸಲ ಮುದ್ರಾಂಕ ಶುಲ್ಕ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ ಶೇಕಡಾ 2 ಆಗಿರುವುದರಿಂದ ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ ಪ್ರತಿಸಲ ಶೇಕಡಾ ಏಳೂವರೆಗಿಂತ ಹೆಚ್ಚು ಹೋಗುತ್ತದೆ. ಉಳಿಯುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಕ್ಯಾಂಟೀನಿನ ಚಹಾದ ಖರ್ಚಿಗೂ ಸಾಲದು.

ಈ ಕ್ಷೇತ್ರಕ್ಕೆ ಇಳಿಯಲೇಬೇಕೆನ್ನುವ ಹುಡುಗರು ಮೊದಲು ಒಂದು ಹೋಬಳಿಯನ್ನು ಹಿಡಿದು ಅದರ ದಾಖಲೆ ಓದುವುದನ್ನು ಕಲಿಯಲಿ; ಪಹಣಿ, ಮ್ಯುಟೇಶನ್, 11ಇ ನಕ್ಷೆ (ಭಾಗ ಮಾಡಿ ಮಾರುವ ಜಾಗದ ಅಳತೆ ನಕ್ಷೆ), ಪಂಚಾಯತಿಯ ನಮೂನೆ 9 ಮತ್ತು 11, ಪೇಟೆಯ ಇ-ಖಾತೆ ಇವುಗಳಲ್ಲಿ ಯಾವುದು ಯಾವಾಗ ಬೇಕೆಂದು ತಿಳಿಯಲು ಯಾವ ಹೋಟೆಲಿಗೂ ಹೋಗಬೇಕಾಗಿಲ್ಲ, ಒಳ್ಳೆಯ ಸರ್ವೇಯರರ ಹಿಂದೆ ನಾಲ್ಕು ಜಾಗ ತಿರುಗಿದರೆ ಸಾಕು. ಆಮೇಲೆ ರಾಜಾರೋಷವಾಗಿ ಬ್ರೋಕರ್ ಕೆಲಸ ಮಾಡಲಿ, ಕಮಿಷನ್ ಎಷ್ಟೆಂದು ಬರವಣಿಗೆಯಲ್ಲಿರಲಿ. ನೋಂದಾಯಿತ ಲೇಔಟು, ಫ್ಲ್ಯಾಟುಗಳನ್ನು ಮಾರಿಸುವುದಾದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ಏಜೆಂಟರಾಗಿ ನೋಂದಾಯಿಸಿಕೊಳ್ಳಲಿ, ಇಲ್ಲದಿದ್ದರೆ ದಿನಕ್ಕೆ 10,000 ರೂಪಾಯಿ ದಂಡವಿದೆ. ಅಗ್ರಿಮೆಂಟ್ ಮಾಡಿ ವಹಿಸುವ ದಾರಿಯೇ ಬೇಕೆಂದರೆ, ತಾನು ಇಟ್ಟುಕೊಳ್ಳುವವನಲ್ಲ, ಬೇರೆಯವರಿಗೆ ಕೊಡುವವನು ಎಂದು ಅದರಲ್ಲೇ ಸ್ಪಷ್ಟವಾಗಿ ಬರೆಯಲಿ, ಅವಧಿ ಎರಡು ತಿಂಗಳು ಮೀರದಿರಲಿ, ಅವಧಿ ಮುಗಿದ ದಿನ ಕರಾರು ತಾನಾಗಿ ರದ್ದಾಗಿ ಅಡ್ವಾನ್ಸು ಯಜಮಾನನಿಗೇ ಉಳಿಯಲಿ. ಅಡ್ವಾನ್ಸು ಕಳೆದುಕೊಂಡರೆ ನೋವಾಗುವಷ್ಟು ದೊಡ್ಡದಿರಲಿ, ಬ್ಯಾಂಕಿನ ಮೂಲಕವೇ ಹೋಗಲಿ. ಈ ಷರತ್ತುಗಳನ್ನು ಹೇಳಿದಾಗ ನಿನ್ನೆಯ ಹುಡುಗ “ಹಾಗಾದರೆ ಬಂಡವಾಳ ಬೇಕಾಗುತ್ತದಲ್ಲ ಅಂಕಲ್” ಎಂದ. ಬೇಕಾಗುತ್ತದೆ ಮಾರಾಯ.

ಇದರ ಕೆಳಗೆ ಯಾರೂ ಅಗ್ರಿಮೆಂಟಿನ ನಮೂನೆ ಕೇಳಬೇಡಿ. ವಕೀಲರು ಇಲ್ಲಿ ಜಾಹೀರಾತು ಕೊಡುವಂತಿಲ್ಲ, ಇನ್‌ಬಾಕ್ಸಿನಲ್ಲಿ ಪುಕ್ಕಟೆ ಬರೆದುಕೊಡುವಷ್ಟು ದೊಡ್ಡ ಮನಸ್ಸೂ ಸದ್ಯಕ್ಕೆ ನನಗಿಲ್ಲ.