ದಪ್ಪವಾಗಬೇಕಾದದ್ದು ತಲೆಕಟ್ಟು

ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಯೊಂದರ ಫ್ಲೆಕ್ಸ್ ಮಾಡಿಸಲು ಬಾಗಲಕೋಟೆಯ ಅಂಗಡಿಯೊಂದರಲ್ಲಿ ಕುಳಿತಿದ್ದೆ. ಇಂಗ್ಲಿಷಿನಲ್ಲಿದ್ದ ‘ಡ್ರಾಮಾ’ ಎಂಬ ಒಂದೇ ಪದಕ್ಕೆ ಹುಡುಗ ಪ್ಲೇಬಿಲ್ ಫಾಂಟ್ ಆರಿಸಿದ. ಗೆರೆ ತೆಳು, ತಲೆ ಮತ್ತು ಪಾದ ಇಟ್ಟಿಗೆಯಷ್ಟು ದಪ್ಪ. ನೋಡಿದ ತಕ್ಷಣ ಡೇರೆ, ದೀಪ, ಪರದೆ ಎಲ್ಲವೂ ಕಣ್ಣ ಮುಂದೆ ಬಂದವು. ಆಮೇಲೆ ಕನ್ನಡದ ಸರದಿ. ಪತ್ರಿಕೆಯ ಒಳಪುಟಕ್ಕೆ ಹೊಂದುವ ಫಾಂಟ್ ತೆಗೆದುಕೊಂಡು ಬೋಲ್ಡ್ ಒತ್ತಿದ, ಸಾಲದೆಂದು ಸುತ್ತಲೂ ಗೆರೆ ಕೊಟ್ಟ. ‘ರಾಷ್ಟ್ರಪ್ರಶಸ್ತಿ ವಿಜೇತ’ ಎಂಬಲ್ಲಿ ಷಕಾರದ ಹೊಟ್ಟೆ ಮುಚ್ಚಿಹೋಯಿತು, ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಅಂಟಿ ಕರಿ ಮುದ್ದೆಯಾದವು.

“ದೂರದಿಂದ ಚೆನ್ನಾಗಿ ಕಾಣುತ್ತದೆ, ಕಾಕಾ” ಎಂದ. ಕಾಣುತ್ತದೆ, ಓದಲು ಬರುವುದಿಲ್ಲ.

ನನಗೆ ಸಿಟ್ಟು ಬಂದದ್ದು ಆ ಹುಡುಗನ ಮೇಲಲ್ಲ. ಅವನ ಕಂಪ್ಯೂಟರಿನಲ್ಲಿ ಇಂಗ್ಲಿಷಿಗೆ ಇರುವ ಆಯ್ಕೆ ಕನ್ನಡಕ್ಕೆ ಇಲ್ಲ. ಇಂಥ ದಪ್ಪ ಪಾದದ ಅಕ್ಷರಗಳು ಹುಟ್ಟಿದ್ದೇ ಗೋಡೆಗೆ ಹಚ್ಚುವ ಜಾಹೀರಾತಿಗಾಗಿ. ಲಂಡನ್ನಿನಲ್ಲಿ ಅಚ್ಚಿನ ಅಕ್ಷರ ಎರಕ ಹೊಯ್ಯುತ್ತಿದ್ದ ವಿನ್ಸೆಂಟ್ ಫಿಗಿನ್ಸ್ ಸುಮಾರು 1817ರಲ್ಲಿ ಇಂಥ ಅಚ್ಚುಮೊಳೆಗಳನ್ನು ‘ಆಂಟಿಕ್’ ಎಂಬ ಹೆಸರಿನಲ್ಲಿ ತೋರಿಸಿದ. ಸೀಸದಲ್ಲಿ ದೊಡ್ಡ ಅಕ್ಷರ ಎರಕ ಹೊಯ್ದರೆ ತೂಕ ಹೆಚ್ಚು, ಖರ್ಚೂ ಹೆಚ್ಚು. ಹೀಗಾಗಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1828ರಲ್ಲಿ ಮರದ ಅಕ್ಷರಗಳ ಮಾದರಿ ಪುಸ್ತಕವನ್ನೇ ತಂದ. ಪ್ಲೇಬಿಲ್ ಬಂದದ್ದು 1938ರಲ್ಲಿ. ಹೆಸರಿನ ಅರ್ಥವೇ ನಾಟಕದ ಭಿತ್ತಿಪತ್ರ. ಅವರ ನಾಟಕಕ್ಕೆ ಅವರು ಅಕ್ಷರ ಮಾಡಿಕೊಂಡರು. ತಿಂಗಳುಗಟ್ಟಲೆ ಜಾತ್ರೆಯಲ್ಲಿ ಡೇರೆ ಹಾಕಿ, ರಾತ್ರಿಯಿಡೀ ನಾಟಕ ಆಡುವ ನಮಗೆ ಎಲ್ಲಿದೆ?

ಕೆಲವರು ಕನ್ನಡದ ಅಕ್ಷರಕ್ಕೂ ಕೆಳಗೆ ಇಂಗ್ಲಿಷಿನ ಪಾದ ಅಂಟಿಸುತ್ತಾರೆ. ಅದು ತಪ್ಪು ಎಂದು ಖಂಡಿತವಾಗಿ ಹೇಳುತ್ತೇನೆ. ನಮ್ಮ ಅಕ್ಷರದ ಕೆಳಗೆ ಒತ್ತು ಕೂರಬೇಕು, ಅಲ್ಲಿ ಪಾದಕ್ಕೆ ಜಾಗವಿಲ್ಲ. ನಮ್ಮ ಅಕ್ಷರ ಭಾರ ಹೊರುವುದು ತಲೆಯ ಮೇಲೆ. ತಲೆಕಟ್ಟನ್ನು ಹಲಗೆಯಂತೆ ದಪ್ಪ ಮಾಡಿ, ಅಂಚನ್ನು ಚೌಕವಾಗಿ ಕತ್ತರಿಸಿ, ಹೊಟ್ಟೆಯ ಬಯಲನ್ನು ಹಾಗೆಯೇ ಬಿಡಿ. ಕಕಾರ, ನಕಾರ, ಗಕಾರ ಪೇಟ ಸುತ್ತಿದ ಗೌಡರಂತೆ ಎದ್ದು ನಿಲ್ಲುತ್ತವೆ.

ತೊಡಕು ಬರುವುದು ತಲೆಕಟ್ಟು ಇಲ್ಲದವುಗಳಲ್ಲಿ. ‘ನಾಟಕ’ ಎಂದು ಬರೆದು ನೋಡಿ. ಕಕಾರ ಪೇಟ ಸುತ್ತಿಕೊಂಡಿದೆ, ನಾ ದೀರ್ಘದ ಇಳಿಯೊಡನೆ ಬಾಗಿದೆ, ನಡುವಿನ ಟಕಾರ ಬರಿತಲೆಯಲ್ಲಿ ನಿಂತಿದೆ. ಬನಶಂಕರಿಯ ಮೊದಲಕ್ಷರಕ್ಕೂ ಅದೇ ಪಾಡು. ತಲೆಕಟ್ಟು ಇಲ್ಲದ ಅಕ್ಷರಕ್ಕೆ ತಲೆಕಟ್ಟು ತೊಡಿಸಬಾರದು, ಅದು ಅಕ್ಷರವನ್ನೇ ಕೆಡಿಸಿದಂತೆ. ಮೇಲಿನ ಬಾಗನ್ನೇ ಅಷ್ಟು ದಪ್ಪ ಮಾಡಿ ಸಾಲಿನ ಎತ್ತರಕ್ಕೆ ತರಬೇಕು. ಕುಂಚ ಹಿಡಿದು ಬೋರ್ಡ್ ಬರೆಯುತ್ತಿದ್ದ ಪೇಂಟರುಗಳಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿತ್ತು. ಟಕಾರ ಬಂದಾಗ ಅವರ ಕೈ ಮೇಲಿನ ಬಾಗಿನಲ್ಲಿ ಒಂದು ಕ್ಷಣ ಹೆಚ್ಚು ಒತ್ತುತ್ತಿತ್ತು.

ಆ ರಾತ್ರಿಯೇ ಗ್ರಾಫ್ ಹಾಳೆಯ ಮೇಲೆ ‘ನಾಟಕ’ದ ಮೂರೂ ಅಕ್ಷರಗಳನ್ನು ಬರೆದೆ. ತಲೆಕಟ್ಟು ಆರು ಮನೆ ದಪ್ಪ, ಕೆಳಗಿನ ಗೆರೆ ಮೂರು ಮನೆ. ನಾ, ಕ ಸರಿಯಾಗಿ ಕೂತಿವೆ. ಟಕಾರ ಮಾತ್ರ ಇನ್ನೂ ಮುಂದಕ್ಕೆ ವಾಲುತ್ತಿದೆ. ಚಿತ್ರ ಹಾಕಿದ್ದೇನೆ, ಅಕ್ಷರ ಬಲ್ಲವರು ತಿದ್ದಿ ಕೊಡಿ. ಫ್ಲೆಕ್ಸ್ ಮುದ್ರಣಕ್ಕೆ ಹೋಗಲು ನಾಲ್ಕು ದಿನ ಇದೆ.