ಹುಡುಕಿ ಬಂದವರಿಗೆ ಏನು ಸಿಕ್ಕಿತು?

ಎಸ್‌ಇಒ, ಅಂದರೆ ಗೂಗಲ್‌ನಂಥ ಸರ್ಚ್ ಎಂಜಿನ್‌ನಲ್ಲಿ ಪುಟ ಮೇಲೆ ಬರುವ ಹಾಗೆ ಮಾಡುವ ಕೆಲಸ, ಅದೇ ಒಂದು ಮೋಸ ಎನ್ನುವವರು ಒಂದು ಕಡೆ. ಗೂಗಲ್ ಕೈಗೆ ಸಿಕ್ಕಿಬೀಳದ ತನಕ ಏನು ಮಾಡಿದರೂ ನಡೆಯುತ್ತದೆ ಎನ್ನುವವರು ಇನ್ನೊಂದು ಕಡೆ. ವೆಬ್‌ಸೈಟ್‌ಗಳ ಕೆಲಸ ಮಾಡುವ ನನಗೆ ಈ ಎರಡೂ ಮಾತು ಕೇಳಿ ಕೇಳಿ ಸಾಕಾಗಿದೆ. ಎರಡನ್ನೂ ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಪುರುಸೊತ್ತು ಮಾಡಿಕೊಂಡು ಓದಿ.

ಸ್ಪ್ಯಾಮ್ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡುವಾಗ ಹುಡುಕಿಕೊಂಡು ಬಂದ ಮನುಷ್ಯನನ್ನು ಮುಂದಿಟ್ಟುಕೊಳ್ಳಬೇಕು. ಬೇಕಾದ್ದು ಅವರಿಗೆ ಬೇಗ ಸಿಗುವ ಹಾಗೆ ಮಾಡುವ ಕೆಲಸ ಎಸ್‌ಇಒ. ಅವರ ಹೊತ್ತು ಹಾಳು ಮಾಡಿ, ಅವರ ನಂಬಿಕೆಯನ್ನು ದುರುಪಯೋಗ ಮಾಡಿಕೊಂಡು ಮೇಲೆ ಬರುವ ಕೆಲಸ ಸ್ಪ್ಯಾಮ್. ಗೂಗಲ್ ನಿಯಮದಲ್ಲಿ ಅದಕ್ಕೆ ಒಂದು ಹೆಸರಿದೆಯೋ ಇಲ್ಲವೋ ಅನ್ನುವುದು ಆಮೇಲಿನ ವಿಷಯ.

ಒಂದು ಸಣ್ಣ ಜಾಗದಲ್ಲೇ ಇದನ್ನು ತೋರಿಸಬಹುದು. ವೆಬ್ ಪುಟದಲ್ಲಿ ಹಾಕುವ ಪ್ರತಿ ಫೋಟೋಗೂ ಆಲ್ಟ್ ಟೆಕ್ಸ್ಟ್ ಅಂತ ಒಂದು ಸಾಲು ಬರೆಯಬಹುದು. ಸಾಮಾನ್ಯವಾಗಿ ಅದು ಕಣ್ಣಿಗೆ ಕಾಣುವುದಿಲ್ಲ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಬಳಸುವಾಗ ಅದು ಆ ಸಾಲನ್ನು ಓದಿ ಹೇಳುತ್ತದೆ. ಸರ್ಚ್ ಎಂಜಿನ್‌ಗೂ ಫೋಟೋದಲ್ಲಿ ಏನಿದೆ ಅಂತ ಗೊತ್ತಾಗಲು ಅದು ಸಹಾಯ ಮಾಡುತ್ತದೆ. ಒಬ್ಬರು ಅಲ್ಲಿ ಹೀಗೆ ಬರೆಯುತ್ತಾರೆ: "ಕಿಟಕಿ ಪಕ್ಕ ಇಟ್ಟಿರುವ, ಕೈಯಿಲ್ಲದ ಮರದ ಕುರ್ಚಿ." ಇನ್ನೊಬ್ಬರು ಹೀಗೆ: "ಮರದ ಕುರ್ಚಿ, ಅಗ್ಗದ ಮರದ ಕುರ್ಚಿ, ಬೆಸ್ಟ್ ಮರದ ಕುರ್ಚಿ, ಮರದ ಕುರ್ಚಿ ಬೆಲೆ, ಮರದ ಕುರ್ಚಿ ಆನ್‌ಲೈನ್." ಎರಡೂ ಅದೇ ಫೋಟೋ, ಅದೇ ಜಾಗ. ಮೊದಲನೆಯದನ್ನು ಕೇಳಿದವರಿಗೆ ಕುರ್ಚಿ ಹೇಗಿದೆ ಅಂತ ಗೊತ್ತಾಗುತ್ತದೆ. ಎರಡನೆಯದನ್ನು ಕೇಳುವವರು ಆ ಇಡೀ ಸರಮಾಲೆ ಮುಗಿಯುವ ತನಕ ಕಿವಿಗೊಟ್ಟು ಕೂರಬೇಕು. ಪುಟದಲ್ಲಿ ಇಪ್ಪತ್ತು ಫೋಟೋ ಇದ್ದರೆ ಇಪ್ಪತ್ತು ಸಲ. ಹೀಗೆ ಕೀವರ್ಡ್, ಅಂದರೆ ಜನ ಹುಡುಕುವ ಪದಗಳನ್ನು, ತುರುಕುವುದು ಬರೀ ಗೂಗಲ್‌ಗೆ ಮಾಡುವ ಮೋಸ ಅಂದುಕೊಂಡವರು ಒಮ್ಮೆ ಸ್ಕ್ರೀನ್ ರೀಡರ್ ಹಾಕಿಕೊಂಡು ಇಂಥ ಪುಟ ಕೇಳಬೇಕು. ಪೆಟ್ಟು ಯಾರಿಗೆ ಬೀಳುತ್ತದೆ ಅಂತ ಆಗ ತಿಳಿಯುತ್ತದೆ.

ಒಳ್ಳೆಯ ಎಸ್‌ಇಒದಲ್ಲಿ ಹೆಚ್ಚಿನದೆಲ್ಲ ಹೀಗೆ ಸದ್ದಿಲ್ಲದ ಕೆಲಸವೇ. ಪುಟದ ಟೈಟಲ್‌ನಲ್ಲಿ "ಹೋಮ್" ಅಂತ ಮಾತ್ರ ಇದ್ದರೆ ಅದನ್ನು ಬದಲಿಸಿ ಒಳಗೆ ಏನಿದೆ ಅಂತ ಬರೆಯುವುದು. ಬರಹವನ್ನೆಲ್ಲ ಚಿತ್ರ ಮಾಡಿ ಹಾಕಿದ್ದರೆ ಅದನ್ನು ಅಕ್ಷರಕ್ಕೆ ತರುವುದು. ಪುಟದ ವಿಳಾಸ ಬದಲಾದಾಗ ಹಳೆಯ ಲಿಂಕ್ ಒತ್ತಿದವರನ್ನು ಹೊಸ ಜಾಗಕ್ಕೆ ಕಳಿಸುವುದು. ಫೋನಿನಲ್ಲಿ ಬೇಗ ತೆರೆಯುವ ಹಾಗೆ ಮಾಡುವುದು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್ ಹೇಳುತ್ತದೆ. ನಿಧಾನವಾದ ನೆಟ್‌ವರ್ಕ್‌ನಲ್ಲಿ ಇರುವವರಿಗೆ ಅದರಿಂದ ಎಷ್ಟು ಉಪಕಾರ ಅಲ್ವಾ? ಡಯಾಲಿಸಿಸ್ ಮಾಡಿಸಿಕೊಳ್ಳುವವರು ಏನು ತಿನ್ನಬೇಕು, ಏನು ಬಿಡಬೇಕು ಅಂತ ತಿಳಿದ ವೈದ್ಯರೊಬ್ಬರು ಕೂತು ಬರೆದಿದ್ದಾರೆ ಅಂದುಕೊಳ್ಳಿ. ಆ ಪುಟ ಹುಡುಕಿದವರ ಕಣ್ಣಿಗೆ ಬೀಳದಿದ್ದರೆ ಬರೆದೂ ಬರೆಯದ ಹಾಗೆ. ಅದನ್ನು ಕಾಣುವ ಹಾಗೆ ಮಾಡಿದವರನ್ನು ಮೋಸಗಾರರು ಅನ್ನುವುದು ಅನ್ಯಾಯ.

ಮತ್ತೆ ಈ ಕೆಲಸಕ್ಕೆ ಕೆಟ್ಟ ಹೆಸರು ಹೇಗೆ ಬಂತು? ಮೊದಮೊದಲ ಸರ್ಚ್ ಎಂಜಿನ್‌ಗಳು ಪುಟದೊಳಗಿನ ಪದಗಳನ್ನೇ ಜಾಸ್ತಿ ನಂಬುತ್ತಿದ್ದವು. 1995ರಲ್ಲಿ ಶುರುವಾದ ಆಲ್ಟಾವಿಸ್ಟಾ ಕಾಲದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರಾರು ಸಲ ಬರೆಯುತ್ತಿದ್ದರು. ಓದುವವರಿಗೆ ಕಾಣದು, ಯಂತ್ರಕ್ಕೆ ಮಾತ್ರ ಕಾಣುತ್ತದೆ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಪೇಜ್‌ರ‍್ಯಾಂಕ್ ವಿಚಾರ ಮುಂದಿಟ್ಟರು. ಬೇರೆ ಪುಟಗಳು ನಿಮ್ಮ ಪುಟಕ್ಕೆ ಲಿಂಕ್ ಕೊಟ್ಟರೆ ಅದು ನಿಮ್ಮ ಪರವಾಗಿ ಹೇಳಿದ ಮಾತು. ಲಿಂಕ್ ಕೊಟ್ಟ ಪುಟಕ್ಕೇ ಬೆಲೆ ಇದ್ದರೆ ಆ ಮಾತಿಗೆ ತೂಕ ಜಾಸ್ತಿ. ತುಂಬ ಚೆನ್ನಾಗಿರುವ ಯೋಚನೆ. ಆದರೆ ಲಿಂಕ್‌ಗೆ ಬೆಲೆ ಬಂದ ಕೂಡಲೇ ಲಿಂಕ್ ಮಾರುವವರೂ ಹುಟ್ಟಿಕೊಂಡರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಆಟ ಅಂದಿನಿಂದ ಇಂದಿನವರೆಗೂ ನಿಂತಿಲ್ಲ.

ಇದು ಬರೀ ಸಣ್ಣಪುಟ್ಟ ಸೈಟ್‌ಗಳ ಚಾಳಿ ಅಂದುಕೊಳ್ಳಬೇಡಿ. 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ಸೈಟನ್ನೇ ಗೂಗಲ್ ತನ್ನ ಪಟ್ಟಿಯಿಂದ ತೆಗೆದುಹಾಕಿತ್ತು. ಸರ್ಚ್ ಎಂಜಿನ್‌ಗೆ "ಬಳಸಿದ ಕಾರು" ಎಂಬ ಪದ ಮತ್ತೆ ಮತ್ತೆ ಬರುವ ಪುಟ, ಬಂದ ಜನರಿಗೆ ಬೇರೆಯೇ ಪುಟ. ಇಂಥವಕ್ಕೆ ಡೋರ್‌ವೇ ಪೇಜ್ ಅಂತಾರೆ. ಆ ಪುಟಗಳನ್ನು ಕಿತ್ತುಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಸೈಟ್ ವಾಪಸ್ ಬಂತು. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅಮೆರಿಕದ ಜೆ.ಸಿ. ಪೆನ್ನಿ ಅಂಗಡಿಗಳ ವಿಷಯ ಬಯಲಿಗೆ ತಂದಿತು. ಉಡುಪು, ಹಾಸಿಗೆ ಬಟ್ಟೆ, ನೆಲಹಾಸು, ಏನು ಹುಡುಕಿದರೂ ಅವರದೇ ಮೊದಲು ಬರುತ್ತಿತ್ತು. ಕಾರಣ ನೋಡಿದರೆ, ಉಡುಪಿಗೂ ಹಾಸಿಗೆಗೂ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಅವರಿಗೆ ಲಿಂಕ್ ಇತ್ತು. ನಮಗೆ ಗೊತ್ತೇ ಇರಲಿಲ್ಲ ಅಂತ ಕಂಪನಿ ಹೇಳಿತು, ಎಸ್‌ಇಒ ಏಜೆನ್ಸಿಯನ್ನು ಬಿಡಿಸಿತು. ಮಾರನೇ ವರ್ಷ, ದುಡ್ಡು ಕೊಟ್ಟು ಬರೆಸಿದ ಬರಹಗಳ ಕಾರಣಕ್ಕೆ ಗೂಗಲ್ ತನ್ನದೇ ಕ್ರೋಮ್ ಪುಟವನ್ನು 60 ದಿನ ಕೆಳಗೆ ತಳ್ಳಬೇಕಾಯಿತು. ಆಮೇಲೆ 2012ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಹುಡುಕಾಟದ ಲೆಕ್ಕಾಚಾರದಲ್ಲಿ ಮಾಡಿದ ಪೆಂಗ್ವಿನ್ ಅನ್ನುವ ಬದಲಾವಣೆ ಬಂದು ಲಿಂಕ್ ವ್ಯಾಪಾರಕ್ಕೆ ದೊಡ್ಡ ಹೊಡೆತ ಬಿತ್ತು.

ದುಡ್ಡು ಕೊಟ್ಟು ಲಿಂಕ್ ಹಾಕಿಸುವುದೇ ತಪ್ಪಾ? ನನ್ನ ಪ್ರಕಾರ ಅಲ್ಲ. ಜಾಹೀರಾತು ಜಾಹೀರಾತಾಗಿಯೇ ಕಾಣಲಿ. ಅದಕ್ಕೆಂದೇ ಲಿಂಕ್‌ನ ಕೋಡ್‌ನಲ್ಲಿ ಹಾಕುವ ಸ್ಪಾನ್ಸರ್ಡ್ (ಇದು ದುಡ್ಡು ಕೊಟ್ಟ ಲಿಂಕ್) ಅನ್ನುವ ಗುರುತನ್ನು ಗೂಗಲ್ 2019ರಲ್ಲಿ ತಂದಿದೆ, ನೋಫಾಲೋ (ಈ ಲಿಂಕನ್ನು ನನ್ನ ಶಿಫಾರಸು ಅಂತ ಲೆಕ್ಕ ಹಾಕಬೇಡಿ) ಅನ್ನುವ ಗುರುತು 2005ರಿಂದಲೇ ಇದೆ. ಗುರುತು ಹಾಕಿದರೆ ಆಯಿತು, ಯಾರಿಗೂ ಮೋಸವಿಲ್ಲ. ಕೊಂಡ ಮಾತನ್ನು ಮನಸಾರೆ ಹೇಳಿದ ಮಾತು ಅಂತ ತೋರಿಸಿದಾಗ ಮಾತ್ರ ತಪ್ಪು.

ಇನ್ನು ನನ್ನ ಹೊಟ್ಟೆ ಉರಿಸುವ ವಿಷಯಕ್ಕೆ ಬರುತ್ತೇನೆ. ಯಾರೋ ಕಷ್ಟಪಟ್ಟು ಒಂದು ಸೈಟ್ ಕಟ್ಟಿರುತ್ತಾರೆ. ವಿಳಾಸ ಟೈಪ್ ಮಾಡಿ ತೆರೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ "site" ಪದ, ಕೋಲನ್, ಅದಕ್ಕೆ ಅಂಟಿಕೊಂಡ ಹಾಗೆ ತಮ್ಮ ವಿಳಾಸ ಹಾಕಿ ಹುಡುಕಿದರೆ ಎದೆ ಧಸಕ್ಕೆನ್ನುತ್ತದೆ. ತಾವು ಮಾಡಿದ್ದು ಮೂವತ್ತು ಪುಟ, ಅಲ್ಲಿ ಕಾಣುವುದು ಸಾವಿರಗಟ್ಟಲೆ. ಎಲ್ಲದರ ಹೆಸರೂ ಜಪಾನಿ ಭಾಷೆಯಲ್ಲಿ, ಎಲ್ಲವೂ ನಕಲಿ ಬ್ರ್ಯಾಂಡ್ ಸಾಮಾನು ಮಾರುವ ಪುಟ. ಸೈಟಿಗೆ ಸೇರಿಸಿಕೊಂಡ ಸಣ್ಣ ತಂತ್ರಾಂಶ, ಅಂದರೆ ಹಳೆಯ ಪ್ಲಗಿನ್ ಒಂದರ ಕಿಂಡಿಯಿಂದ ಯಾರೋ ಒಳಗೆ ನುಗ್ಗಿರುತ್ತಾರೆ. ಬಂದಿರುವುದು ಗೂಗಲ್‌ಬಾಟ್ (ಪುಟಗಳನ್ನು ಓದಿಕೊಂಡು ಹೋಗಲು ಬರುವ ಗೂಗಲ್‌ನ ಯಂತ್ರ) ಆದರೆ ಒಂದು ಪುಟ, ಸೈಟಿನ ಯಜಮಾನರಾದರೆ ಇನ್ನೊಂದು ಪುಟ ತೋರಿಸುವ ಕೋಡ್ ಹಾಕಿರುತ್ತಾರೆ. ಇದಕ್ಕೆ ಕ್ಲೋಕಿಂಗ್ ಅಂತಾರೆ. ಎಷ್ಟೋ ಸಲ ಸರ್ಚ್ ಕನ್ಸೋಲ್‌ನಲ್ಲಿ (ಹುಡುಕಾಟದಲ್ಲಿ ತಮ್ಮ ಸೈಟ್ ಹೇಗಿದೆ ಅಂತ ಮಾಲೀಕರು ನೋಡುವ ಗೂಗಲ್‌ನ ಸಾಧನ) ತಮ್ಮನ್ನೂ ಮಾಲೀಕರು ಅಂತ ಸೇರಿಸಿಕೊಂಡಿರುತ್ತಾರೆ. ಗುರುತಿಲ್ಲದ ಇಮೇಲ್ ಅಲ್ಲಿ ಕೂತಿರುತ್ತದೆ. ಪಾಸ್‌ವರ್ಡ್ ಎಲ್ಲ ಬದಲಿಸಿ, ಪ್ಲಗಿನ್ ಅಪ್‌ಡೇಟ್ ಮಾಡಿ, ಆ ಇಮೇಲ್ ತೆಗೆದು, ಸೇರಿಸಿದ ಫೈಲ್‌ಗಳನ್ನು ಒಂದೊಂದಾಗಿ ಹೆಕ್ಕಿ ಹಾಕುವಷ್ಟರಲ್ಲಿ ಸಾಕುಬೇಕಾಗುತ್ತದೆ. ಅಷ್ಟಾದರೂ ಹುಡುಕಾಟದಲ್ಲಿ ಹಳೆಯ ಜಾಗ ತಕ್ಷಣ ಸಿಗುವುದಿಲ್ಲ. ಇದನ್ನೂ "ಬ್ಲ್ಯಾಕ್ ಹ್ಯಾಟ್ ಎಸ್‌ಇಒ", ಅಂದರೆ ನಿಯಮ ಮುರಿದು ಮಾಡುವ ಎಸ್‌ಇಒ, ಅಂತ ಒಂದು ತಂತ್ರದ ಹಾಗೆ ಮಾತಾಡುವವರಿದ್ದಾರೆ. ದಯವಿಟ್ಟು ಹಾಗೆ ಕರೆಯಬೇಡಿ. ಇದು ಶುದ್ಧ ಕಳ್ಳತನ.

ಕಳ್ಳತನವೂ ಅಲ್ಲದ, ನಿಯಮಕ್ಕೂ ನೇರವಾಗಿ ಸಿಕ್ಕದ ಕಾಟ ಇನ್ನೊಂದಿದೆ. ಒಂದು ಧಾರಾವಾಹಿಯ ಮುಂದಿನ ಭಾಗ ಯಾವಾಗ ಬರುತ್ತದೆ ಅಂತ ಹುಡುಕಿ ನೋಡಿ. ಟೈಟಲ್‌ನಲ್ಲೇ "ಬಿಡುಗಡೆ ದಿನಾಂಕ" ಅಂತ ಇರುತ್ತದೆ. ಒಳಗೆ ಹೋದರೆ ಹಳೆಯ ಭಾಗದ ಕಥೆ, ನಟರ ಪಟ್ಟಿ, ನಾಲ್ಕು ಜಾಹೀರಾತು, ಕೊನೆಯಲ್ಲಿ "ದಿನಾಂಕ ಇನ್ನೂ ಪ್ರಕಟವಾಗಿಲ್ಲ." ಗೊತ್ತಿಲ್ಲ ಅನ್ನುವುದನ್ನು ಹೇಳಲು ಎಂಟುನೂರು ಪದ! ಇನ್ನು ಕೆಲವರು ಹಳೆಯ ಬರಹದ ಒಂದಕ್ಷರ ಮುಟ್ಟದೆ ಟೈಟಲ್‌ನಲ್ಲಿ ವರ್ಷ ಮಾತ್ರ ಬದಲಿಸಿ ಹೊಸದು ಅಂತ ತೋರಿಸುತ್ತಾರೆ. ಔಷಧಿಯೋ ಸಾಲವೋ ಇಂಥ ವಿಷಯದಲ್ಲಿ ಇದು ಸುಮ್ನೆ ಕಿರಿಕಿರಿಯಲ್ಲಿ ಮುಗಿಯುವುದಿಲ್ಲ, ನಂಬಿದವರಿಗೆ ನಷ್ಟವೇ ಆಗುತ್ತದೆ. ಬರಹ ಉದ್ದ ಇದ್ದರೆ ಮೇಲೆ ಬರುತ್ತದೆ ಅನ್ನುವ ನಂಬಿಕೆಯೂ ಇದರ ಹಿಂದಿದೆ. ನಮಗೆ ಇಷ್ಟೇ ಪದ ಇರಬೇಕು ಅಂತ ಏನೂ ಇಲ್ಲ ಅಂತ ಗೂಗಲ್ ಸ್ಪಷ್ಟವಾಗಿ ಬರೆದಿಟ್ಟಿದೆ. ಆದರೂ ಎರಡು ಸಾವಿರ ಪದ ಬೇಕು ಅನ್ನುವ ಆರ್ಡರ್ ಬರುತ್ತಲೇ ಇರುತ್ತದೆ. ಪುಟದ ಕೋಡ್‌ನಲ್ಲಿ ಕೀವರ್ಡ್‌ಗಳನ್ನು ಪಟ್ಟಿ ಮಾಡುವ ಮೆಟಾ ಕೀವರ್ಡ್ ಟ್ಯಾಗನ್ನು ರ‍್ಯಾಂಕಿಂಗ್‌ಗೆ ನೋಡುವುದೇ ಇಲ್ಲ ಅಂತ 2009ರಲ್ಲೇ ಹೇಳಿದ್ದಾರೆ, ಅದನ್ನು ತುಂಬುವವರು ಇನ್ನೂ ಇದ್ದಾರೆ.

ಹಾಗಾದರೆ ಗೂಗಲ್ ಹೇಳಿದ್ದೇ ಕೊನೆಯ ಮಾತಾ? ಅದೂ ಅಲ್ಲ. ಹೆಸರುವಾಸಿ ಸುದ್ದಿ ಸೈಟಿನ ಒಂದು ಮೂಲೆಯನ್ನು ಕೂಪನ್ ಮಾರುವ ಹೊರಗಿನ ಕಂಪನಿಗೆ ಬಾಡಿಗೆಗೆ ಕೊಡುವ ವ್ಯಾಪಾರ ವರ್ಷಗಟ್ಟಲೆ ನಡೆಯಿತು. ಓದುವವರು ಪತ್ರಿಕೆಯ ಹೆಸರು ನೋಡಿ ನಂಬುತ್ತಾರೆ, ಬರೆದವರು ಇನ್ಯಾರೋ. 2024ರ ಮಾರ್ಚ್‌ನಲ್ಲಿ ಗೂಗಲ್ ಇದನ್ನು ಸ್ಪ್ಯಾಮ್ ಅಂತ ಘೋಷಿಸಿ ಮೇ ತಿಂಗಳಿಂದ ಕ್ರಮ ಶುರು ಮಾಡಿತು. ಏಪ್ರಿಲ್‌ನಲ್ಲಿ ಅದನ್ನೇ ಓದಿದವರಿಗೆ ಮೋಸ ಆಗಿರಲಿಲ್ಲವೇ? ಆಗಿತ್ತು. ನಿಯಮ ತಡವಾಗಿ ಬಂತು, ಅಷ್ಟೇ. ಅದು ಒಂದು ಕಂಪನಿಯ ನಿಯಮ. ಜಾಹೀರಾತಿನಿಂದ ದುಡಿಯುವ ಕಂಪನಿ, ತನ್ನ ಅನುಕೂಲವನ್ನೂ ನೋಡಿಕೊಳ್ಳುತ್ತದೆ. ಜರ್ಮನಿಯ ಲೈಪ್ಜಿಗ್ ಮತ್ತು ವೈಮರ್‌ನ ಸಂಶೋಧಕರು ಒಂದು ವರ್ಷ 7,392 ಹುಡುಕಾಟಗಳನ್ನು ಗಮನಿಸಿ 2024ರಲ್ಲಿ ವರದಿ ಮಾಡಿದರು. ಎಲ್ಲವೂ ವಸ್ತುಗಳ ವಿಮರ್ಶೆಗೆ ಸಂಬಂಧಿಸಿದ ಹುಡುಕಾಟಗಳು. ಮೇಲೆ ಬರುವ ಪುಟಗಳಲ್ಲಿ ಸರಾಸರಿ ಎಸ್‌ಇಒ ಜಾಸ್ತಿ, ಕಮಿಷನ್ ಕೊಡುವ ಅಫಿಲಿಯೇಟ್ ಲಿಂಕ್ ಜಾಸ್ತಿ, ಬರಹದ ಗುಣಮಟ್ಟ ಮಾತ್ರ ಕಡಿಮೆ ಅನ್ನುವ ಲಕ್ಷಣ ಕಂಡಿತು. ಗೂಗಲ್ ಮಾತ್ರವಲ್ಲ, ಬಿಂಗ್ ಮತ್ತು ಡಕ್‌ಡಕ್‌ಗೋ ಕೂಡ ಅವರು ನೋಡಿದ್ದರು. ಅಫಿಲಿಯೇಟ್ ಲಿಂಕ್ ಹಾಕಿದವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ವಸ್ತುವನ್ನು ಕೈಯಲ್ಲಿ ಹಿಡಿದು ಬಳಸಿ, ಇದರ ಕಷ್ಟ ಇದು ಅಂತ ನೇರವಾಗಿ ಬರೆದವರಿಗೆ ಕಮಿಷನ್ ಸಿಗಲಿ. ಡಬ್ಬ ಕೂಡ ಬಿಚ್ಚದೆ "ಅತ್ಯುತ್ತಮ ಹತ್ತು" ಅಂತ ಪಟ್ಟಿ ಮಾಡುವವರ ಬಗ್ಗೆ ನನ್ನ ತಕರಾರು.

ಈಗ ಎಐ ಬಂದ ಮೇಲೆ ಈ ಪಟ್ಟಿ ಮಾಡುವುದು ಇನ್ನೂ ಸಲೀಸು. ಯಂತ್ರ ಬರೆದಿದ್ದೆಲ್ಲ ಸ್ಪ್ಯಾಮ್ ಅನ್ನುವವರ ಜೊತೆ ನಾನಿಲ್ಲ. ಬರೆದವರು ಯಾರು ಅನ್ನುವುದಕ್ಕಿಂತ, ಬರೆದಿದ್ದನ್ನು ಯಾರಾದರೂ ಓದಿ, ಸರಿಯಿದೆಯಾ ಅಂತ ನೋಡಿ, ಅದಕ್ಕೆ ಹೊಣೆ ಹೊತ್ತಿದ್ದಾರಾ ಅನ್ನುವುದು ಮುಖ್ಯ. ಗೂಗಲ್ 2024ರ ನಿಯಮವೂ ಯಂತ್ರವೋ ಮನುಷ್ಯನೋ ಅಂತ ಕೇಳುವುದಿಲ್ಲ. ರ‍್ಯಾಂಕಿಂಗ್‌ಗಾಗಿಯೇ ರಾಶಿ ರಾಶಿ ಪುಟ ಸುರಿದರೆ ಅದು ಸ್ಪ್ಯಾಮ್ ಅನ್ನುತ್ತದೆ. ಈ ವಿಷಯದಲ್ಲಿ ನಾನು ಆ ನಿಯಮದ ಪರ. ಒಂದು ದಿನದಲ್ಲಿ ಐದು ಸಾವಿರ ಪುಟ ಪ್ರಕಟಿಸಿದವರು ಅದನ್ನೆಲ್ಲ ಪೂರ್ತಿ ಓದಿರುವುದು ಸಾಧ್ಯವಿಲ್ಲ. ತಾವೇ ಓದದ್ದನ್ನು ಬೇರೆಯವರು ಓದಲಿ ಅನ್ನುವುದು ಯಾವ ನ್ಯಾಯ?

ನಿಮ್ಮದೇ ಒಂದು ಸೈಟ್ ಇದ್ದರೆ ಇಂಥ ಇಮೇಲ್ ನಿಮಗೂ ಬಂದಿರುತ್ತದೆ: "30 ದಿನದಲ್ಲಿ ಮೊದಲ ಸ್ಥಾನ ಗ್ಯಾರಂಟಿ." ಅಂಥ ಗ್ಯಾರಂಟಿ ಯಾರಿಂದಲೂ ಕೊಡಲು ಆಗುವುದಿಲ್ಲ. ಆ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಕೊಂಡ ಲಿಂಕ್‌ಗಳು, ಇಲ್ಲವೇ ಅವಧಿ ಮುಗಿದ ಡೊಮೇನ್‌ಗಳು. ಎಲ್ಲೋ ಒಂದು ಶಾಲೆಯೋ ಸೇವಾ ಸಂಸ್ಥೆಯೋ ನವೀಕರಿಸದೆ ಬಿಟ್ಟ ವಿಳಾಸವನ್ನು ಕೊಂಡು, ಅದರ ಹಳೆಯ ಒಳ್ಳೆಯ ಹೆಸರಿನ ಮೇಲೆ ಜೂಜಿನ ಪುಟ ಏರಿಸುತ್ತಾರೆ. ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ಲಿಂಕ್ ಒತ್ತಿದರೆ ಅವರ ಎದುರು ಬರುವುದು ಕ್ಯಾಸಿನೊ.

ಆದ್ದರಿಂದ ಯಾರಿಗಾದರೂ ಎಸ್‌ಇಒ ಕೆಲಸ ಕೊಡುವ ಮುಂಚೆ ನೇರವಾಗಿ ಕೇಳಿ. ನನಗೆ ಎಲ್ಲೆಲ್ಲಿಂದ ಲಿಂಕ್ ತರುತ್ತೀರಿ? ಅದರ ಪಟ್ಟಿ ತಿಂಗಳಿಗೊಮ್ಮೆ ಕೊಡುತ್ತೀರಾ? ಹೊಸದಾಗಿ ಮಾಡುವ ಈ ಪುಟ ಯಾರಿಗೆ ಬೇಕು, ಅವರ ಯಾವ ಪ್ರಶ್ನೆಗೆ ಉತ್ತರ ಇದರಲ್ಲಿದೆ? ಪ್ರಾಮಾಣಿಕವಾಗಿ ಕೆಲಸ ಮಾಡುವವರು ಈ ಪ್ರಶ್ನೆಗಳಿಗೆ ಖುಷಿಯಿಂದಲೇ ಉತ್ತರ ಕೊಡುತ್ತಾರೆ. "ಅದೆಲ್ಲ ನಮ್ಮ ಸೀಕ್ರೆಟ್" ಅಂದರೆ ಅಲ್ಲಿಗೇ ಮಾತು ಮುಗಿಸಿ. ಸರ್ಚ್ ಕನ್ಸೋಲ್ ನಿಮ್ಮ ಹೆಸರಿನಲ್ಲೇ ಇರಲಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ. ನಾಳೆ ಮ್ಯಾನ್ಯುವಲ್ ಆ್ಯಕ್ಷನ್, ಅಂದರೆ ಗೂಗಲ್ ಸಿಬ್ಬಂದಿಯೇ ನೋಡಿ ಹಾಕುವ ದಂಡ, ಬಿದ್ದರೆ ಏಜೆನ್ಸಿ ಫೋನ್ ಎತ್ತದೇ ಇರಬಹುದು. ಆಗ ಏನಾಯಿತು, ಏನು ಸರಿ ಮಾಡಿದೆವು ಅಂತ ಬರೆದು ಮರುಪರಿಶೀಲನೆಗೆ ಕೇಳಿಕೊಳ್ಳಬೇಕಾದವರು ನೀವೇ.